‘ಬಗ್ಗಿದರೆ ಡಿಸ್ಕ್ ಜಾರುತ್ತೆ’: ನೋವಿನ ಬಗ್ಗೆ ನಾವು ನಂಬಿದ್ದು ನೋವನ್ನೇ ಹೆಚ್ಚಿಸಬಹುದೇ?

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇದು ಬಂದಿರಬಹುದು. ಬೆನ್ನುಮೂಳೆಯ ಒಂದು ಚಿತ್ರ, ಅದರಲ್ಲಿ ಒಂದು ಡಿಸ್ಕ್ ಮಾತ್ರ ಕೆಂಡದ ಹಾಗೆ ಕೆಂಪಗೆ. ಕೆಳಗೆ ಪಟ್ಟಿ: ಬೆನ್ನು ನೋವಿದ್ದವರು ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಬಿಂದಿಗೆ ಎತ್ತಬಾರದು, ಮೆಟ್ಟಿಲು ಹತ್ತಬಾರದು. ನೋವು ಬಂದರೆ ‘ಒಳಗೆ ಏನೋ ಹಾಳಾಗುತ್ತಿದೆ’ ಎಂದೇ ಅರ್ಥವಂತೆ. ಕೊನೆಯಲ್ಲಿ ‘ಹತ್ತು ಜನಕ್ಕೆ ಕಳಿಸಿ, ಒಬ್ಬರ ಬೆನ್ನು ಉಳಿಸಿ’.

ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಇದನ್ನು ಓದಿದ ಮೇಲೆ ಏನಾಗಬಹುದು ಎಂದು ಸ್ವಲ್ಪ ಯೋಚಿಸೋಣ. ಐವತ್ತು ದಾಟಿದ ಒಬ್ಬ ಅಮ್ಮನಿಗೆ ಒಂದು ದಿನ ಬಕೆಟ್ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಸ್ಕ್ಯಾನ್ ಮಾಡಿಸುತ್ತಾರೆ. ‘ಎಲ್4-ಎಲ್5 ಡಿಸ್ಕ್ ಸವೆದಿದೆ, ಸ್ವಲ್ಪ ಉಬ್ಬಿದೆ’ ಎಂದು ರಿಪೋರ್ಟ್ ಬರುತ್ತದೆ. ಮಗ ಸೊಂಟದ ಬೆಲ್ಟ್ ತಂದುಕೊಡುತ್ತಾನೆ, ಸೊಸೆ ರಂಗೋಲಿ ಡಬ್ಬಿ ಕಸಿದುಕೊಳ್ಳುತ್ತಾಳೆ. ಎರಡು ವಾರದಲ್ಲಿ ಇಳಿಯಬಹುದಾಗಿದ್ದ ನೋವು ಎರಡು ವರ್ಷವಾದರೂ ಇರುತ್ತದೆ. ಈಗ ಅವರು ಚಪ್ಪಲಿ ಹಾಕಿಕೊಳ್ಳಲು ಬಗ್ಗುವ ಮೊದಲೇ ಉಸಿರು ಬಿಗಿಹಿಡಿಯುತ್ತಾರೆ. ಬಗ್ಗಿದರೆ ನೋಯುತ್ತದೆ. ‘ನೋಡಿ, ನಾನು ಹೇಳಲಿಲ್ಲವೇ’ ಎನ್ನುತ್ತಾರೆ.

ಇದು ಕಲ್ಪಿಸಿದ ಕಥೆ. ಆದರೆ ಫಿಸಿಯೋಥೆರಪಿಸ್ಟ್‌ಗಳನ್ನು ಕೇಳಿ, ವಾರಕ್ಕೊಮ್ಮೆ ಕಾಣುವ ಕಥೆ ಎನ್ನುತ್ತಾರೆ.

ನೋವು ಎಂದರೆ ಗಾಯದ ಅಳತೆಯೇ?

ಹೆಚ್ಚು ಗಾಯ, ಹೆಚ್ಚು ನೋವು. ಕಡಿಮೆ ಗಾಯ, ಕಡಿಮೆ ನೋವು. ನಾವೆಲ್ಲ ನಂಬಿರುವ ಲೆಕ್ಕ ಇದು. ಎಷ್ಟೋ ಸಲ ಸರಿಯೂ ಹೌದು. ಬೆರಳಿಗೆ ಈಳಿಗೆಮಣೆ ತಾಗಿದರೆ ಈ ಲೆಕ್ಕ ನಡೆಯುತ್ತದೆ. ಆದರೆ ಎಲ್ಲ ಕಡೆ ನಡೆಯುವುದಿಲ್ಲ.

1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪುಟ್ಟ ಟಿಪ್ಪಣಿ ಬಂತು. 29 ವರ್ಷದ ಕಟ್ಟಡ ಕಾರ್ಮಿಕನೊಬ್ಬ ಮೇಲಿನಿಂದ ಕೆಳಗೆ ಹಾರಿದಾಗ 15 ಸೆಂಟಿಮೀಟರ್ ಉದ್ದದ ಮೊಳೆ ಅವನ ಬೂಟನ್ನು ತೂರಿ ಮೇಲೆ ಬಂದಿತ್ತು. ಮೊಳೆ ಸ್ವಲ್ಪ ಅಲುಗಿದರೂ ಪ್ರಾಣ ಹೋಗುವಂಥ ನೋವು. ಬಲವಾದ ನೋವು ನಿವಾರಕ ಕೊಟ್ಟೇ ಮೊಳೆ ತೆಗೆಯಬೇಕಾಯಿತು. ಬೂಟು ಬಿಚ್ಚಿ ನೋಡಿದರೆ ಕಾಲಿಗೆ ಗೀರು ಕೂಡ ಇಲ್ಲ; ಮೊಳೆ ಎರಡು ಬೆರಳುಗಳ ಮಧ್ಯೆ ಹಾದುಹೋಗಿತ್ತು. ಅವನು ನಾಟಕವಾಡುತ್ತಿದ್ದನೇ? ಖಂಡಿತ ಇಲ್ಲ. ಕಣ್ಣಿಗೆ ಕಂಡದ್ದು ಎಷ್ಟು ಭಯಂಕರವಾಗಿತ್ತೆಂದರೆ, ಕಾಲು ತೂತಾಗಿದೆ ಎಂದೇ ಮಿದುಳು ತೀರ್ಮಾನಿಸಿತು. ನೋವು ನಿಜವಾಗಿಯೇ ಆಯಿತು.

ಇದರ ತದ್ವಿರುದ್ಧ ಉದಾಹರಣೆ ಎರಡನೇ ಮಹಾಯುದ್ಧದ್ದು. ಅಮೆರಿಕದ ವೈದ್ಯ ಹೆನ್ರಿ ಬೀಚರ್ ಯುದ್ಧಭೂಮಿಯಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಮಾತನಾಡಿಸಿ 1946ರಲ್ಲಿ ಬರೆದ ಪ್ರಕಾರ, ಅವರಲ್ಲಿ ಬಹುಪಾಲು ಮಂದಿ ತಮಗೆ ನೋವಿನ ಔಷಧ ಬೇಕೆನಿಸುವಷ್ಟು ನೋವಿಲ್ಲ ಎಂದರು. ಮೂಳೆ ಮುರಿದವರೂ ಅವರಲ್ಲಿದ್ದರು. ಆ ಗಾಯದ ಅರ್ಥ ಅವರಿಗೆ ‘ಇನ್ನು ಯುದ್ಧ ಸಾಕು, ಬದುಕಿ ಮನೆಗೆ ಹೋಗಬಹುದು’ ಎಂದಿತ್ತು ಎಂಬುದು ಬೀಚರ್ ಅವರ ವಿವರಣೆ.

ಹಾಗಾದರೆ ಒಳಗೆ ನಡೆಯುವುದೇನು? ಚರ್ಮ, ಸ್ನಾಯು, ಕೀಲುಗಳಲ್ಲಿ ಅಪಾಯವನ್ನು ಗಮನಿಸುವ ನರದ ತುದಿಗಳಿವೆ. ಒತ್ತಡ, ಬಿಸಿ, ಉರಿಯೂತದ ರಾಸಾಯನಿಕಗಳು ಮಿತಿ ಮೀರಿದರೆ ಅವು ಬೆನ್ನುಹುರಿಯ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತವೆ. ಇದು ಇನ್ನೂ ನೋವಲ್ಲ, ಬರೀ ಸುದ್ದಿ. ಬೆನ್ನುಹುರಿಯಲ್ಲೇ ಆ ಸುದ್ದಿಯನ್ನು ದೊಡ್ಡದು ಮಾಡುವ ಅಥವಾ ಸಣ್ಣದು ಮಾಡುವ ಏರ್ಪಾಟಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದನ್ನು ‘ಗೇಟ್’ ಎಂದು ಕರೆದರು. ಮಿದುಳಿನಿಂದಲೂ ಕೆಳಮುಖವಾಗಿ ಆದೇಶ ಬರುತ್ತದೆ: ‘ಗೇಟು ತೆಗೆ’ ಅಥವಾ ‘ಮುಚ್ಚು’. ಆ ಆದೇಶ ಕೊಡುವಾಗ ಮಿದುಳು ಹಳೆಯ ಅನುಭವ, ಕಣ್ಣಿಗೆ ಕಾಣುವುದು, ಡಾಕ್ಟರ್ ಹೇಳಿದ್ದು, ನೆರೆಮನೆಯವರು ಹೇಳಿದ್ದು, ನಿನ್ನೆಯ ನಿದ್ದೆ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಷ್ಟೇಕೆ, ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲೂ ನೋವು ದೇಹದ ಸಂವೇದನೆಯ ಜೊತೆಗೆ ಭಾವನೆಯ ಅನುಭವವೂ ಹೌದು; ಅಂಗಾಂಶಕ್ಕೆ ನಿಜವಾದ ಹಾನಿ ಆಗಿರಲೇಬೇಕೆಂದಿಲ್ಲ.

ಬೀದಿಯಲ್ಲಿ ನಿಲ್ಲಿಸಿದ ಕಾರಿನ ಅಲಾರಂ ನೆನಪಿಸಿಕೊಳ್ಳಿ. ಕಳ್ಳ ಬಂದರೂ ಕೂಗುತ್ತದೆ, ಬೆಕ್ಕು ಹಾರಿದರೂ ಕೂಗುತ್ತದೆ. ಎರಡೂ ಸಲ ಸದ್ದು ನಿಜ.

ಕತ್ತು ತಿರುಗಿಸಿದ್ದು ಎಷ್ಟು, ನೋವು ಶುರುವಾದದ್ದು ಎಲ್ಲಿ?

ಚಲನೆಯ ವಿಷಯಕ್ಕೆ ಬಂದರೆ ಆಸ್ಟ್ರೇಲಿಯಾದ ಒಂದು ಪ್ರಯೋಗ ಬಹಳ ಕುತೂಹಲಕಾರಿ. 2015ರಲ್ಲಿ ಪ್ರಕಟವಾದ ಇದರಲ್ಲಿ ದೀರ್ಘಕಾಲದ ಕತ್ತು ನೋವಿದ್ದ 24 ಮಂದಿ ಭಾಗವಹಿಸಿದ್ದರು. ಅವರಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿ, ಎದುರಿಗೆ ಒಂದು ದೃಶ್ಯ ತೋರಿಸಿ, ‘ನೋವು ಶುರುವಾಗುವ ತನಕ ತಲೆ ತಿರುಗಿಸಿ’ ಎಂದರು. ಅವರಿಗೆ ಗೊತ್ತಿಲ್ಲದ ಹಾಗೆ ಸಂಶೋಧಕರು ಒಂದು ಮೋಸ ಮಾಡಿದ್ದರು. ಕೆಲವು ಸಲ ದೃಶ್ಯ ತಲೆಗಿಂತ ಹೆಚ್ಚು ತಿರುಗುತ್ತಿತ್ತು. ಅಂದರೆ ಸ್ವಲ್ಪ ತಿರುಗಿಸಿದ್ದರೂ ಬಹಳ ತಿರುಗಿಸಿದಂತೆ ಕಾಣುತ್ತಿತ್ತು. ಕೆಲವು ಸಲ ಕಡಿಮೆ ತಿರುಗುತ್ತಿತ್ತು.

ಬಹಳ ತಿರುಗಿಸಿದಂತೆ ಕಂಡಾಗ ನೋವು ಬೇಗ ಬಂತು, ಮಾಮೂಲಿಗಿಂತ 7 ಶೇಕಡಾ ಮೊದಲೇ. ಕಡಿಮೆ ತಿರುಗಿಸಿದಂತೆ ಕಂಡಾಗ 6 ಶೇಕಡಾ ಹೆಚ್ಚು ದೂರ ನೋವಿಲ್ಲದೆ ತಿರುಗಿಸಲು ಆಯಿತು. ಕತ್ತು ಅದೇ, ಕೀಲು ಅದೇ, ಅಂದಿನ ದಿನವೂ ಅದೇ. ‘ಇಲ್ಲಿಗೆ ಬಂದರೆ ನೋಯುತ್ತದೆ’ ಎಂದು ಮಿದುಳು ಗುರುತು ಹಾಕಿಕೊಂಡ ಜಾಗಕ್ಕೆ ಬಂದಂತೆ ಕಂಡರೆ ಸಾಕು, ಅಲಾರಂ ಮೊಳಗುತ್ತದೆ ಎಂಬ ಊಹೆಗೆ ಇದು ಬಲ ಕೊಟ್ಟಿತು. ಪ್ರಯೋಗ ಸಣ್ಣದು, ವ್ಯತ್ಯಾಸವೂ ದೊಡ್ಡದೇನಲ್ಲ. ಇದೊಂದನ್ನೇ ನೆಚ್ಚಿಕೊಂಡು ‘ನೋವೆಲ್ಲ ಕಣ್ಣಿನ ಆಟ’ ಎಂದು ಹೊಸದೊಂದು ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.

ಇದೇ ದಿಕ್ಕಿನ ಬೇರೆ ಪ್ರಯೋಗಗಳೂ ಇವೆ. 2007ರ ಒಂದರಲ್ಲಿ ಅತಿ ತಣ್ಣನೆಯ ಲೋಹದ ಕಡ್ಡಿಯನ್ನು ಕೈಗೆ ತಾಗಿಸುತ್ತಾ ಕೆಂಪು ಅಥವಾ ನೀಲಿ ದೀಪ ತೋರಿಸಿದರು. ಕಡ್ಡಿ ಒಂದೇ ಆದರೂ ಕೆಂಪು ದೀಪದ ಜೊತೆ ಬಂದಾಗ ಹೆಚ್ಚು ನೋಯಿತು. ಕೆಂಪು ಎಂದರೆ ಬಿಸಿ, ಅಪಾಯ ಎಂಬ ಅರ್ಥ ನಮ್ಮಲ್ಲಿ ಕೂತಿದೆ. (ಫಾರ್ವರ್ಡ್‌ಗಳ ಬೆನ್ನುಮೂಳೆ ಯಾವಾಗಲೂ ಕೆಂಪಗೇ ಏಕಿರುತ್ತದೆ ಎಂದು ಆಮೇಲೆ ಯೋಚಿಸಿ.) 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಗಂಭೀರವಾದದ್ದು. ಆರೋಗ್ಯವಂತ ಸ್ವಯಂಸೇವಕರ ಕಾಲಿಗೆ ಬಿಸಿ ತಾಗಿಸುತ್ತಾ ರಕ್ತನಾಳದ ಮೂಲಕ ಬಲವಾದ ನೋವು ನಿವಾರಕ ಕೊಡುತ್ತಿದ್ದರು. ‘ಔಷಧ ಶುರುವಾಗಿದೆ’ ಎಂದು ಹೇಳಿದಾಗ ಅದರ ಪರಿಣಾಮ ಸುಮಾರು ಇಮ್ಮಡಿಯಾಯಿತು. ‘ಈಗ ನಿಲ್ಲಿಸಿದ್ದೇವೆ, ನೋವು ಹೆಚ್ಚಾಗಬಹುದು’ ಎಂದಾಗ, ಔಷಧ ಇನ್ನೂ ಹರಿಯುತ್ತಿದ್ದರೂ ಅದರ ಪರಿಣಾಮ ಇಲ್ಲವೆನ್ನುವಷ್ಟಾಯಿತು. ಬರೀ ಒಂದು ಮಾತಿಗೆ!

ಹೆದರಿಕೆಯ ಚಕ್ರ

ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಒಂದು ಮಾದರಿಯನ್ನು ವಿವರವಾಗಿ ಮುಂದಿಟ್ಟರು. ನೋವು ಬಂದಾಗ ಎರಡು ದಾರಿಗಳಿವೆ. ‘ಉಳುಕಿದೆ, ಹೋಗುತ್ತೆ’ ಎಂದುಕೊಂಡವರು ನಿಧಾನವಾಗಿ ಕೆಲಸಕ್ಕೆ ಮರಳುತ್ತಾರೆ. ‘ನನ್ನ ಬೆನ್ನು ಮುಗಿಯಿತು’ ಎಂದುಕೊಂಡವರು ಹೆದರುತ್ತಾರೆ, ಹೆದರಿ ಚಲನೆ ಕಡಿಮೆ ಮಾಡುತ್ತಾರೆ. ಚಲನೆ ಕಡಿಮೆಯಾದರೆ ಸ್ನಾಯು ಬಲ ಕುಂದುತ್ತದೆ, ಬೇಸರ ಹೆಚ್ಚುತ್ತದೆ, ಸಣ್ಣ ಕೆಲಸವೂ ದೇಹಕ್ಕೆ ಭಾರವಾಗುತ್ತದೆ. ಮತ್ತೆ ನೋವು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಬಗ್ಗುವುದನ್ನೇ ಬಿಟ್ಟವರಿಗೆ ‘ಬಗ್ಗಿದರೂ ಏನೂ ಆಗಲಿಲ್ಲ’ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ.

ಈ ಹೆದರಿಕೆಯನ್ನು ಅಳೆಯಲು 17 ಹೇಳಿಕೆಗಳ ಟ್ಯಾಂಪಾ ಪ್ರಶ್ನಾವಳಿ ಇದೆ. ವ್ಯಾಯಾಮ ಮಾಡಿದರೆ ಪೆಟ್ಟು ಮಾಡಿಕೊಂಡೇನು ಎಂಬಂಥ ಹೇಳಿಕೆಗಳನ್ನು ಎಷ್ಟು ಒಪ್ಪುತ್ತೀರಿ ಎಂದು ಕೇಳುತ್ತಾರೆ. ಹೆಚ್ಚು ಅಂಕ ಬಂದವರಲ್ಲಿ ಸರಾಸರಿಯಾಗಿ ನೋವೂ ಹೆಚ್ಚು, ದಿನದ ಕೆಲಸಕ್ಕೆ ತೊಂದರೆಯೂ ಹೆಚ್ಚು. ಹೆದರಿಕೆ ಇರುವವರು ಬಗ್ಗುವ ರೀತಿಯೂ ಸ್ವಲ್ಪ ಬೇರೆ: ಹೊಟ್ಟೆ ಬೆನ್ನಿನ ಸ್ನಾಯುಗಳನ್ನು ಬಿಗಿ ಹಿಡಿದು, ಮರದ ಕೊರಡಿನ ಹಾಗೆ ಬಗ್ಗುತ್ತಾರೆ. ಮುಷ್ಟಿಯನ್ನು ಹತ್ತು ನಿಮಿಷ ಬಿಗಿಯಾಗಿ ಹಿಡಿದುಕೊಂಡು ನೋಡಿ, ಕೈ ನೋಯುತ್ತದೆ. ಸೊಂಟಕ್ಕೆ ದಿನವಿಡೀ ಅದೇ ಗತಿ.

ಇಲ್ಲಿ ಒಂದು ಎಚ್ಚರ ಬೇಕು. ಹೆದರಿಕೆಯಿಂದ ನೋವು ಹೆಚ್ಚಿತೋ, ನೋವು ಹೆಚ್ಚಿದ್ದರಿಂದ ಹೆದರಿದರೋ? ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಎರಡೂ ಒಟ್ಟಿಗಿವೆ ಎಂದಷ್ಟೇ ತೋರಿಸುತ್ತವೆ. ಎರಡೂ ಕಡೆಯಿಂದ ಎಳೆತ ಇದೆ ಎನ್ನುವುದು ಹೆಚ್ಚು ಸರಿ. ಜೊತೆಗೆ ನಿದ್ದೆ, ಕೆಲಸದ ಹೊರೆ, ಹಣದ ಚಿಂತೆ, ದೇಹದ ನಿಜವಾದ ತೊಂದರೆ ಇವೆಲ್ಲವೂ ಸೇರುತ್ತವೆ. ದಿನಕ್ಕೆ ಎಂಟು ಗಂಟೆ ಬಗ್ಗಿ ನಾಟಿ ಮಾಡುವ ಹೆಣ್ಣುಮಗಳಿಗೆ ‘ನಿಮ್ಮ ನಂಬಿಕೆ ಬದಲಿಸಿಕೊಳ್ಳಿ’ ಎಂದರೆ ಅದು ಅನ್ಯಾಯ. ಅವರಿಗೆ ಬೇಕಾದದ್ದು ವಿರಾಮ, ಕೂಲಿ, ಚಿಕಿತ್ಸೆ.

ರಿಪೋರ್ಟಿನ ಮಾತುಗಳು

ಈ ಹೆದರಿಕೆ ಎಲ್ಲಿಂದ ಬರುತ್ತದೆ? ಫಾರ್ವರ್ಡ್‌ನಿಂದ ಮಾತ್ರವಲ್ಲ, ಸ್ಕ್ಯಾನ್ ಸೆಂಟರಿನ ಕವರಿನಿಂದಲೂ ಬರುತ್ತದೆ. ‘ಸವೆತ’ ಎಂಬ ಮಾತು ಕೇಳಿದರೆ ನಮಗೆ ನೆನಪಾಗುವುದು ಸವೆದ ಟೈರು. ‘ಡಿಸ್ಕ್ ಜಾರಿದೆ’ ಎಂದರೆ ಕೈಯಿಂದ ಜಾರಿದ ನಾಣ್ಯ. ‘ಮಂಡಿಯಲ್ಲಿ ಗ್ರೀಸ್ ಖಾಲಿ’ ಎಂದರೆ ಕಿರುಗುಟ್ಟುವ ಗೇಟು. ಹೀಗೆ ಕಲ್ಪಿಸಿಕೊಂಡವರು ಯಾಕಾದರೂ ನಡೆದಾರು?

2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್ ಮಾಹಿತಿಯನ್ನು ಒಟ್ಟುಗೂಡಿಸಿತು. ನೋವಿಲ್ಲದ 20 ವರ್ಷದವರಲ್ಲೇ 37 ಶೇಕಡಾ ಮಂದಿಗೆ ಡಿಸ್ಕ್ ಸವೆತದ ಲಕ್ಷಣವಿತ್ತು. 80 ವರ್ಷದವರಲ್ಲಿ ಅದು 96 ಶೇಕಡಾ. ಡಿಸ್ಕ್ ಉಬ್ಬಿರುವುದು 20ರ ವಯಸ್ಸಿನಲ್ಲಿ 30 ಶೇಕಡಾ, 80ರಲ್ಲಿ 84 ಶೇಕಡಾ. ಇವರು ಯಾರಿಗೂ ನೋವಿರಲಿಲ್ಲ ಎಂಬುದನ್ನು ಮರೆಯಬೇಡಿ. ತಲೆಗೂದಲು ನೆರೆಯುವುದು ಕಾಯಿಲೆಯಲ್ಲ. ಈ ಬದಲಾವಣೆಗಳಲ್ಲಿ ಬಹಳಷ್ಟು ಒಳಗಿನ ನರೆಯೇ. ಹಾಗೆಂದು ಸ್ಕ್ಯಾನ್ ಸುಳ್ಳು ಎಂದಲ್ಲ. ನರ ಒತ್ತಿ ಕಾಲಿಗೆ ಇಳಿಯುವ ನೋವು, ಕಾಲಿನ ಬಲಹೀನತೆ ಇದ್ದಾಗ ಅದೇ ಸ್ಕ್ಯಾನ್ ದಾರಿ ತೋರಿಸುತ್ತದೆ.

ಇನ್ನು ‘ಜಾರುವ’ ವಿಷಯ. ಡಿಸ್ಕ್ ತನ್ನ ಮೇಲಿನ ಮತ್ತು ಕೆಳಗಿನ ಮೂಳೆಗೆ ಗಟ್ಟಿಯಾಗಿ ಬೆಸೆದುಕೊಂಡಿದೆ. ಅದು ಜಾರಿ ಹೊರಗೆ ಬೀಳುವ ವಸ್ತುವಲ್ಲ. ಅಂಚು ಉಬ್ಬಬಹುದು, ಒಳಗಿನ ತಿರುಳು ಸ್ವಲ್ಪ ಹೊರಬರಬಹುದು. ಹಾಗೆ ಹೊರಬಂದ ಭಾಗ ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಕುಗ್ಗುತ್ತದೆ. ಮಂಡಿಯ ಮಾತು ಬೇರೆ ಲೇಖನಕ್ಕೆ ಬಿಡೋಣ. ಇಷ್ಟು ಮಾತ್ರ ಹೇಳಬಹುದು: ಕೀಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಒತ್ತಿ ಬಿಟ್ಟಾಗಲೇ ಅದಕ್ಕೆ ಪೋಷಣೆ ಸಿಗುವುದು. ಮಂಡಿ ಸವೆತಕ್ಕೆ ವ್ಯಾಯಾಮವೇ ಮೊದಲ ಚಿಕಿತ್ಸೆ ಎಂದು ಹಲವು ದೇಶಗಳ ಮಾರ್ಗಸೂಚಿಗಳು ಹೇಳುವುದು ಸುಮ್ಮನೆ ಅಲ್ಲ.

ಮಲಗಿದವರು, ಮಲಗದವರು

ಮೊದಲೆಲ್ಲ ಡಾಕ್ಟರುಗಳೂ ‘ಹಲಗೆ ಮೇಲೆ ಮಲಗಿ’ ಎನ್ನುತ್ತಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ, ಆಗಷ್ಟೇ ಸೊಂಟ ಹಿಡಿದುಕೊಂಡ 186 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ‘ನೋವು ಬಿಟ್ಟಷ್ಟು ಮಾಮೂಲಿ ಕೆಲಸ ಮಾಡಿಕೊಂಡಿರಿ’ ಎಂಬ ಮಾತು. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು, ನಿಧಾನವಾಗಿ ಚೇತರಿಸಿಕೊಂಡದ್ದು ಮಲಗಿದ ಗುಂಪು.

ಹಾಗಾದರೆ ‘ಎಲ್ಲಾ ಮನಸ್ಸಿನದ್ದೇ’ ಅಂತೀರಾ?

ಇಲ್ಲ. ಈ ಮಾತು ಮೊದಲಿನ ಫಾರ್ವರ್ಡ್‌ನಷ್ಟೇ ಕೆಟ್ಟದ್ದು. ವರ್ಷಗಟ್ಟಲೆ ನರಳುವವರಿಗೆ, ಅದರಲ್ಲೂ ಹೆಂಗಸರಿಗೆ, ‘ನಿಮಗೇನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ಹೇಳಿ ಕಳಿಸುವುದನ್ನು ನೋಡಿದ್ದೇವೆ. ನಂಬಿಕೆ ನೋವನ್ನು ಬದಲಿಸುವುದು ಗಾಳಿಯಲ್ಲಿ ಅಲ್ಲ, ನರಗಳಲ್ಲೇ. 1978ರಲ್ಲಿ ಹಲ್ಲು ತೆಗೆಸಿಕೊಂಡವರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಬರೀ ಹುಸಿ ಔಷಧದಿಂದ ನೋವು ಇಳಿದವರಿಗೆ ನಾಲೊಕ್ಸೋನ್ ಕೊಟ್ಟಾಗ ನೋವು ಹೆಚ್ಚಾಯಿತು. ನಾಲೊಕ್ಸೋನ್ ಎಂದರೆ ಅಫೀಮಿನ ಜಾತಿಯ ಔಷಧಗಳ ಕೆಲಸವನ್ನು ತಡೆಯುವ ಮದ್ದು. ನಿರೀಕ್ಷೆಯೊಂದೇ ದೇಹದೊಳಗೆ ಅಂಥ ರಾಸಾಯನಿಕವನ್ನು ಬಿಡುಗಡೆ ಮಾಡಿಸಿರಬೇಕು ಎಂದು ಸಂಶೋಧಕರು ಅರ್ಥೈಸಿದರು. ಅಂದಮೇಲೆ ಮನಸ್ಸು ಬೇರೆ, ದೇಹ ಬೇರೆ ಎಂದು ಗೆರೆ ಎಳೆಯುವುದು ಕಷ್ಟ. ‘ಪಾಸಿಟಿವ್ ಆಗಿ ಯೋಚಿಸಿ, ನೋವು ಮಾಯ’ ಎಂಬ ವಿಡಿಯೋಗಳನ್ನೂ ಇದೇ ಅನುಮಾನದಿಂದ ನೋಡಿ.

ಹಾಗಿದ್ದರೆ ಏನು ಮಾಡುವುದು?

ನಂಬಿಕೆ ಭಾಷಣದಿಂದ ಅಷ್ಟಾಗಿ ಬದಲಾಗುವುದಿಲ್ಲ, ಅನುಭವದಿಂದ ಬದಲಾಗುತ್ತದೆ. ಮೇಲಿನ ಆ ಅಮ್ಮನಿಗೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಒಬ್ಬರು ಸಿಕ್ಕರು ಎಂದಿಟ್ಟುಕೊಳ್ಳಿ. ‘ಅಮ್ಮಾ, ಬಗ್ಗಿದರೆ ಏನಾಗುತ್ತೆ ಅಂತ ಭಯ?’ ಎಂದು ಮೊದಲು ಕೇಳುತ್ತಾರೆ. ‘ಡಿಸ್ಕ್ ಹೊರಗೆ ಬಂದುಬಿಡುತ್ತೆ ಕಣಪ್ಪಾ’ ಎಂದು ಅವರು ಹೇಳಿದಾಗಲೇ ಕೆಲಸ ಶುರು. ಕುರ್ಚಿಯಲ್ಲಿ ಕೂತು, ಉಸಿರು ಬಿಡುತ್ತಾ, ಕೈಗಳನ್ನು ಮೊಣಕಾಲಿನಿಂದ ಕೆಳಗೆ ಜಾರಿಸುವುದು. ಅದಾಯಿತು ಎಂದರೆ ನಿಂತು ಸ್ಟೂಲಿನ ಮೇಲಿನ ಲೋಟ ತೆಗೆಯುವುದು. ಆಮೇಲೆ ನೆಲದ ಮೇಲಿನ ಖಾಲಿ ಬಿಂದಿಗೆ, ಕಾಲು ತುಂಬಿದ ಬಿಂದಿಗೆ. ಕೊನೆಗೊಂದು ಬೆಳಗ್ಗೆ ನಾಲ್ಕು ಚುಕ್ಕಿಯ ರಂಗೋಲಿ. ಪ್ರತಿ ಸಲ ‘ಏನಾಗುತ್ತೆ ಅಂದುಕೊಂಡಿದ್ದಿರಿ, ಏನಾಯಿತು?’ ಎಂದು ಕೇಳುತ್ತಾರೆ. ಸ್ವಲ್ಪ ನೋವು ಬಂದರೂ ಅದು ತಡೆಯುವಷ್ಟಿದ್ದು, ಮಾರನೆಯ ದಿನಕ್ಕೆ ಇಳಿದರೆ ಮುಂದುವರಿಯುತ್ತಾರೆ. ಏರುತ್ತಲೇ ಹೋದರೆ ಒಂದು ಹೆಜ್ಜೆ ಹಿಂದೆ.

ಇದು ಬರೀ ಆಸೆಯ ಮಾತಲ್ಲ. ಆಸ್ಟ್ರೇಲಿಯಾದಲ್ಲಿ ದೀರ್ಘಕಾಲದ ಸೊಂಟ ನೋವಿನಿಂದ ದಿನದ ಕೆಲಸಕ್ಕೇ ತೊಂದರೆಯಾಗಿದ್ದ 492 ಮಂದಿಯಲ್ಲಿ ಇದೇ ಬಗೆಯ ಚಿಕಿತ್ಸೆಯನ್ನು ಪರೀಕ್ಷಿಸಿದರು. ನೋವನ್ನು ಅರ್ಥ ಮಾಡಿಸುವುದು, ಹೆದರಿದ ಚಲನೆಗೆ ನಿಧಾನವಾಗಿ ಮರಳುವುದು, ನಿದ್ದೆ ಮತ್ತು ದಿನಚರಿ ಸರಿಮಾಡುವುದು, ಒಟ್ಟು 12 ವಾರಗಳಲ್ಲಿ ಏಳರವರೆಗೆ ಭೇಟಿ. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಇವರ ತೊಂದರೆ ಹೆಚ್ಚು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದಾಗ ಒಂದು ವರ್ಷದವರೆಗಿನ ಲಾಭ ಕಂಡಿತ್ತು. ಮೂರು ವರ್ಷದ ನಂತರ ನೋಡಿದಾಗಲೂ ಲಾಭ ಉಳಿದಿತ್ತು. ಎಲ್ಲರ ನೋವೂ ಪೂರ್ತಿ ಹೋಯಿತು ಎಂದು ಇದರ ಅರ್ಥವಲ್ಲ. ಇಂಥ ತರಬೇತಿ ಪಡೆದವರು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸುಲಭಕ್ಕೆ ಸಿಗುತ್ತಾರೆ ಎಂದೂ ಅಲ್ಲ. ನಡಿಗೆಯಿಂದ ಶುರುಮಾಡಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.

ಹೆದರಲೇಬೇಕಾದ ಲಕ್ಷಣಗಳು

ಕೆಲವು ಸಲ ಅಲಾರಂ ಕೂಗಿದ್ದು ಕಳ್ಳನಿಗೇ ಇರುತ್ತದೆ. ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಮಲ ಮೂತ್ರದ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳೆಗೆ ಇಡಬೇಡಿ. ಬಿದ್ದು ಅಥವಾ ಅಪಘಾತದಲ್ಲಿ ಪೆಟ್ಟಾಗಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಮಲಗಿದರೂ ಇಳಿಯದ ನೋವು ರಾತ್ರಿ ಎಬ್ಬಿಸುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವಂತಿಲ್ಲ. ಇಂಥದ್ದು ಬೆನ್ನು ನೋವಿನವರಲ್ಲಿ ಕೆಲವೇ ಮಂದಿಗೆ ಇರುತ್ತದೆ, ಆದರೆ ಆ ಕೆಲವರಿಗೆ ತಡವಾಗಬಾರದು.

ಮತ್ತೆ ಆ ಫಾರ್ವರ್ಡ್ ವಿಷಯ. ಒಂದು ಸಂದೇಶದಿಂದ ಇಷ್ಟೆಲ್ಲ ಆಗುತ್ತದೆಯೇ ಎನ್ನಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಸುಮಾರು ಎರಡು ವರ್ಷ ಟಿವಿಯಲ್ಲಿ ‘ಬೆನ್ನು ನೋವೆಂದು ಮಲಗಿಬಿಡಬೇಡಿ’ ಎಂಬ ಅರ್ಥದ ಜಾಹೀರಾತುಗಳು ಬಂದವು. ಜಾಹೀರಾತು ಇಲ್ಲದ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ ಜೊತೆ ಹೋಲಿಸಿ ನೋಡಿದಾಗ ವಿಕ್ಟೋರಿಯಾದ ಜನರ ನಂಬಿಕೆ ಬದಲಾಗಿತ್ತು, ಡಾಕ್ಟರುಗಳ ನಂಬಿಕೆಯೂ ಬದಲಾಗಿತ್ತು. ಬೆನ್ನು ನೋವಿಗಾಗಿ ಕಾರ್ಮಿಕರು ಪರಿಹಾರ ಕೇಳುವ ಅರ್ಜಿಗಳೂ ಇಳಿದವು. ಇದು 2001ರಲ್ಲಿ ಪ್ರಕಟವಾದ ಅಧ್ಯಯನ. ಸಂದೇಶ ಒಳ್ಳೆಯ ದಿಕ್ಕಿಗೆ ಇಷ್ಟು ಕೆಲಸ ಮಾಡಬಲ್ಲದು ಎಂದರೆ ಕೆಟ್ಟ ದಿಕ್ಕಿಗೂ ಮಾಡಬಲ್ಲದು.

ಆದ್ದರಿಂದ ಮುಂದಿನ ಸಲ ಆ ಕೆಂಪು ಬೆನ್ನುಮೂಳೆ ನಿಮ್ಮ ಗ್ರೂಪಿಗೆ ಬಂದಾಗ, ಕಳಿಸಿದ ಮಾವನನ್ನು ಎಲ್ಲರೆದುರು ಬೈಯುವುದು ಬೇಡ. ಅವರಿಗೇ ಫೋನ್ ಮಾಡಿ, ‘ಮಾವ, ನಿಮ್ಮ ಸೊಂಟ ಹೇಗಿದೆ? ನಡೆಯೋಕೆ ಹೋಗ್ತಿದ್ದೀರಾ?’ ಎಂದು ಕೇಳಿ.